ಚಿಕ್ಕಪ್ಪ ಹಿಡಿದ ಪಟ್ಟು

ನಮ್ಮ ಚಿಕ್ಕಪ್ಪನ ಅಂಗಡಿಗೆ ರವಿಕೆಯ ಅಳತೆ ಕೊಡಲು ಹೋದವರು ಷೇರುಪೇಟೆಯ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ರವಿಕೆ ಮಾತ್ರ ಹಬ್ಬ ಮುಗಿದ ಮೇಲೆ ಸಿಗುತ್ತಿತ್ತು! ನರಸಿಂಹರಾಜಪುರದಲ್ಲಿ ಅವರಷ್ಟು ಚೆನ್ನಾಗಿ ಹೊಲಿಯುವ ದರ್ಜಿ ಇನ್ನೊಬ್ಬರಿರಲಿಲ್ಲ. ಅವರಷ್ಟು ತಡಮಾಡುವವರೂ ಇರಲಿಲ್ಲ.

ತಡಕ್ಕೆ ಕಾರಣ ಪಂಪ್‌ಸೆಟ್ ಮಾಡುವ ಒಂದು ಕಂಪನಿ. ಮನೆಯ ಬಾವಿಯ ಪಂಪು ಒಂದು ದಿನವೂ ಕೆಡಲಿಲ್ಲ ಎಂಬ ಕೃತಜ್ಞತೆಗೆ ಅದರ ಹತ್ತು ಷೇರು ಕೊಂಡಿದ್ದರು. ಅಂದಿನಿಂದ ತಿಂಗಳಿಗೊಮ್ಮೆ ಪತ್ರಿಕೆಯಲ್ಲಿ ಷೇರಿನ ಬೆಲೆ ನೋಡಿ, ಒಂದು ಷೇರಿನ ಪಾಲಿಗೆ ಬರುವ ವರ್ಷದ ಗಳಿಕೆಯಿಂದ ಅದನ್ನು ಭಾಗಿಸಿ, ಬಂದ ಅಂಕಿಯನ್ನು ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಚುಕ್ಕಿಯಿಟ್ಟು ಗೆರೆ ಎಳೆಯುತ್ತಿದ್ದರು. ಏಳು ವರ್ಷದ ಕ್ಯಾಲೆಂಡರುಗಳು ಗೋಡೆಯುದ್ದಕ್ಕೂ ಅಂಟಿಕೊಂಡವು.

"ಹದಿನೈದು ಅಂದ್ರೆ ಎಂತ ಗೊತ್ತಾ ಮಾರಾಯ? ಕಂಪನಿ ದುಡಿಯೋ ಒಂದು ರೂಪಾಯಿಗೆ ಜನ ಹದಿನೈದು ರೂಪಾಯಿ ಕೊಡ್ತಾರೆ. ಹದಿನೈದು ಪಟ್ಟು! ಆದ್ರೆ ಅದು ಹೆಚ್ಚೋ ಕಮ್ಮಿಯೋ ತಿಳೀಬೇಕಾದ್ರೆ ಹಿಂದಿನದೆಲ್ಲ ನೋಡ್ಬೇಕು," ಎಂದು ನನಗೂ ಪಾಠ ಹೇಳುತ್ತಿದ್ದರು.

ಶೃಂಗೇರಿಯ ಒಂದು ಮದುವೆಯಲ್ಲಿ ಹೆಣ್ಣಿನ ಅಪ್ಪನ ಕಿವಿಯಲ್ಲೂ ಇದನ್ನೇ ಊದಿದರು: "ಇವತ್ತಿನದೊಂದೇ ನೋಡಿ ನಂಬಬೇಡಿ, ಹಿಂದಿನದೆಲ್ಲ ವಿಚಾರಿಸಿ!" ಆ ಮನುಷ್ಯ ಬಿಳಿಚಿಕೊಂಡು ಕೇಳಿದರು: "ಅಯ್ಯೋ, ಹುಡುಗನ ಹಿಂದಿನದು ಎಂತ ಉಂಟು?"

ಆಮೇಲೆ ಷೇರುಗಳಿಗೆಲ್ಲ ರೆಕ್ಕೆ ಬಂತು. ಪಂಪಿನ ಕಂಪನಿ ಮೂವತ್ತೆರಡು ಪಟ್ಟಿಗೆ ಏರಿತು. ಚಿಕ್ಕಪ್ಪನಿಗೆ ಲೈನಿಂಗ್ ಬಟ್ಟೆ ಕೊಡುತ್ತಿದ್ದ ಕೊಪ್ಪದ ವ್ಯಾಪಾರಿಯೊಬ್ಬರು ಅದನ್ನೇ ರಾಶಿ ರಾಶಿ ಕೊಂಡರು. "ಗಳಿಕೆ ಇದ್ದಲ್ಲೇ ಇದೆ, ಬೆಲೆ ಮಾತ್ರ ಹಾರಿದೆ. ಬೇಡ," ಎಂದ ಚಿಕ್ಕಪ್ಪನನ್ನು ನೋಡಿ ನಕ್ಕರು. ೨೦೦೮ರಲ್ಲಿ ಪೇಟೆ ಮಕಾಡೆ ಬಿತ್ತು. ವ್ಯಾಪಾರಿಯ ನಗು ನಿಂತಿತು. ಚಿಕ್ಕಪ್ಪ ಹೇಳಿದ್ದು ನಿಜವಾಗಿತ್ತು! ಒಂದು ಸಲ ನಿಜವಾದದ್ದೇ ಅವರನ್ನು ಕೆಡಿಸಿತು.

ಪಂಪಿನ ಕಂಪನಿಯ ಷೇರಿನ ಬೆಲೆ ಈಗ ಇನ್ನೂರ ಹತ್ತು ರೂಪಾಯಿ, ಒಂದು ಷೇರಿನ ಪಾಲಿನ ಹಿಂದಿನ ವರ್ಷದ ಗಳಿಕೆ ಮೂವತ್ತೈದು. "ಆರು ಪಟ್ಟು! ಏಳು ವರ್ಷದಲ್ಲಿ ಇಷ್ಟು ಅಗ್ಗ ಯಾವತ್ತೂ ಇರಲಿಲ್ಲ!" ಎಂದು ಕತ್ತರಿ ಹಿಡಿದೇ ಕುಣಿದರು. ಮನೆಯಲ್ಲಿದ್ದ ಹಣ ಒಂದೇ, ಚಿಕ್ಕಮ್ಮನ ಕಣ್ಣಿನ ಆಪರೇಷನ್ನಿಗೆ ಇಟ್ಟದ್ದು. ಅಂಗಡಿಯ ಕೈಹೊಲಿಗೆ, ಗುಂಡಿ, ಕಾಜಾ ಎಲ್ಲ ಚಿಕ್ಕಮ್ಮನದೇ ಕೆಲಸ. ಕಣ್ಣಿನ ಒತ್ತಡ ಏರಿದೆ, ಬೇಗ ಬನ್ನಿ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. "ಆರು ತಿಂಗಳು, ಅಷ್ಟೇ," ಎಂದರು ಚಿಕ್ಕಪ್ಪ. "ನೀವು ಹೇಳಿದ ಮೇಲೆ ಸೈ," ಎಂದರು ಚಿಕ್ಕಮ್ಮ. ಕೊಪ್ಪದ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ನಾನಾದರೂ ಬೇಡ ಎನ್ನಬೇಕಿತ್ತಲ್ಲ? ಆ ಗಳಿಕೆ ಹಿಂದಿನ ವರ್ಷದ್ದು, ಮುಂದಿನ ವರ್ಷದ್ದಲ್ಲ ಎನ್ನಬೇಕಿತ್ತಲ್ಲ? ನಾನೂ ಹೂಂ ಎಂದು ತಲೆಯಾಡಿಸಿದೆ! ಆ ಹಣವೆಲ್ಲ ಷೇರಿಗೆ ಹೋಯಿತು.

ಮುಂದಿನ ಲೆಕ್ಕ ಬಂದಾಗ ಷೇರಿನ ಪಾಲಿನ ಗಳಿಕೆ ಮೂವತ್ತೈದರಿಂದ ನಾಲ್ಕಕ್ಕೆ ಕುಸಿದಿತ್ತು. ಬೆಲೆ ಇನ್ನೂ ಇಳಿದು ನೂರ ಅರವತ್ತಾಗಿತ್ತು. ಭಾಗಿಸಿದರೆ ನಲವತ್ತು! ಗೆರೆ ಆಗುಂಬೆ ಘಾಟಿಯ ಹಾಗೆ ಮೇಲಕ್ಕೇರಿದ್ದನ್ನು ಮಂಜುಗಣ್ಣಿನಲ್ಲೇ ನೋಡಿದ ಚಿಕ್ಕಮ್ಮ, ಬೆಲೆಯೇ ಏರಿತೆಂದುಕೊಂಡು, "ಆರರಿಂದ ನಲವತ್ತಾ! ಇವರು ಹೇಳಿದ್ದು ಸುಳ್ಳಾಗಲ್ಲ ಅಂತ ನಾನು ಅನ್ಲಿಲ್ವಾ?" ಎಂದು ಎಲ್ಲರಿಗೂ ಕಾಫಿ ಕೊಟ್ಟರು. ಚಿಕ್ಕಪ್ಪ ಆ ಕಾಫಿ ಕುಡಿಯಲೂ ಇಲ್ಲ, ನಿಜ ಹೇಳಲೂ ಇಲ್ಲ.

ಆಮೇಲೆ ಕಂಪನಿ ನಷ್ಟಕ್ಕೇ ಇಳಿಯಿತು. "ಗಳಿಕೆಯೇ ಇಲ್ಲದ ಮೇಲೆ ಎಂತದರಿಂದ ಭಾಗಿಸೋದು? ಚುಕ್ಕಿ ಎಲ್ಲಿಡಲಿ ಹೇಳು," ಎಂದು ಪೆನ್ಸಿಲು ಹಿಡಿದು ನನ್ನನ್ನು ಕೇಳಿದರು. ಷೇರನ್ನೆಲ್ಲ ಸಿಕ್ಕಿದ ಬೆಲೆಗೆ ಮಾರಿ ಚಿಕ್ಕಮ್ಮನನ್ನು ಶಿವಮೊಗ್ಗಕ್ಕೆ ಕರೆದೊಯ್ದೆವು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದಕ್ಕೂ ಮಂಜು ಮಂಜಾಗಿಯೇ ಕಾಣುತ್ತಿತ್ತು. "ಮೊದಲೇ ಬರಬಾರದಿತ್ತಾ?" ಎಂದರು ಡಾಕ್ಟರು.

ತಿಂಗಳ ನಂತರ ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಚಿಕ್ಕಪ್ಪ ಜಗುಲಿಯಲ್ಲಿ ಕೂತು ಸೂಜಿಗಳಿಗೆ ದಾರ ಪೋಣಿಸುತ್ತಿದ್ದರು. ಅವರ ಕಣ್ಣೂ ಅಷ್ಟಕ್ಕಷ್ಟೇ. ದಾರ ಒದ್ದೆ ಮಾಡಿ ಮೂರು ಸಲ ಗುರಿ ತಪ್ಪಿ, ನಾಲ್ಕನೆಯದಕ್ಕೆ ತೂರಿಸುತ್ತಿದ್ದರು.

"ಪೋಣಿಸಿ ಕೊಡಿ ಅಂತ ನಾನು ಕೇಳಿದ್ದೇ ಇಲ್ಲ. ದಿನಾ ಅಂಗಡಿ ಬಾಗಿಲು ತೆಗೆಯೋಕೆ ಮೊದಲು ಇವರಿಗೆ ಇದೇ ಕೆಲಸ," ಎಂದು ಚಿಕ್ಕಮ್ಮ ಮೆಲ್ಲಗೆ ನನಗೆ ಹೇಳಿದರು.

ಚಿಕ್ಕಪ್ಪ ಗಂಟು ಹಾಕಿದ ಸೂಜಿಯನ್ನು ಚಿಕ್ಕಮ್ಮನ ಅಂಗೈಯಲ್ಲಿಟ್ಟು, "ಇದು ಕೆಂಪು," ಎಂದರು.

"ಹ್ಞೂಂ. ಮುಂದಿನದು?"

"ಹಸಿರು. ಸ್ವಲ್ಪ ತಾಳು, ಪೋಣಿಸ್ತಾ ಇದ್ದೀನಿ."