ಕೇಶರಬಾಯಿಯ ಜೀನಿಗೆ ಕಾರಣ ಕೇಳಿ ನೋಟಿಸು

ಮನುಷ್ಯನ ಪ್ರತಿಯೊಂದು ಜೀವಕೋಶವೂ ತನ್ನ ಡಿಎನ್‌ಎಗೆ ದಿನವೂ ಬೀಳುವ ಪೆಟ್ಟನ್ನು ಯಾರ ಮಂಜೂರಾತಿಯೂ ಇಲ್ಲದೆ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಈ ಅಕ್ರಮ ಬೀದರಿನ ಚಿದ್ರಿಯಲ್ಲಿರುವ ಜಿಲ್ಲಾ ದೇಹ ದುರಸ್ತಿ ಮಂಜೂರಾತಿ ಕಚೇರಿಯ ಗಮನಕ್ಕೆ ಬಂದದ್ದು ಭಾಲ್ಕಿ ತಾಲೂಕು ಮೆಹಕರದ ಕೇಶರಬಾಯಿಯ ಅರ್ಜಿಯಿಂದ.

ಆಕೆಯ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ. ರಿಪೇರಿ ನೋಡಿಕೊಳ್ಳಬೇಕಾದ ಜೀನು ಹುಟ್ಟಿನಿಂದಲೇ ಕೆಟ್ಟಿದೆ, ಪೆಟ್ಟು ತಿಂದ ಕೋಶಗಳು ಹಾಗೇ ಬೆಳೆದಿವೆ, ಬೇಗ ಆಪರೇಷನ್ ಆಗಬೇಕು ಎಂದು ಡಾಕ್ಟರ್ ಆಯೆಶಾ ಬರೆದುಕೊಟ್ಟಿದ್ದರು. ಬೇಕಾದದ್ದು ಕಚೇರಿಯ ಒಂದು ಸಹಿ.

ಅಧೀಕ್ಷಕ ಶಿವರಾಜಪ್ಪ ನಿಯಮ ಹದಿನೇಳು ತೆರೆದರು: ‘ಒಳಗೆ ದುರಸ್ತಿ ಸಿಬ್ಬಂದಿ ಇರುವಲ್ಲಿ ಹೊರಗಿನವರಿಂದ ದುರಸ್ತಿ ಮಾಡಿಸತಕ್ಕದ್ದಲ್ಲ.’

“ಬಾಯಿ, ನಿಮ್ಮ ಮೈಯಾಗ ನೌಕರ ಅದಾನ. ಅವನ ಕೆಲಸ ಡಾಕ್ಟರ್ ಹ್ಯಾಂಗ ಮಾಡ್ತಾರ್ರಿ?”

“ಸಾಹೇಬ್ರ, ಅವ ಹುಟ್ಟಿದಾಗಿಂದ ಕೆಲಸಾನೇ ಮಾಡಿಲ್ರಿ.”

“ಮಾಡ್ಲಿಲ್ಲಂದ್ರ ನೌಕರಿ ಹೋಗ್ತದೇನ್ರಿ?” ಶಿವರಾಜಪ್ಪ ನಿಜಕ್ಕೂ ಗಾಬರಿಯಾದರು. ಉಳಿದ ಮೇಜುಗಳವರೂ ತಲೆ ಎತ್ತಿ ನೋಡಿದರು.

ಜೀನಿಗೆ ನೋಟಿಸು ಹೊರಟಿತು: ನಲವತ್ತಾರು ವರ್ಷ ಕರ್ತವ್ಯಲೋಪ ಎಸಗಿದ್ದೇಕೆ, ಹದಿನೈದು ದಿನದೊಳಗೆ ಲಿಖಿತ ಸಮಜಾಯಿಷಿ ನೀಡುವುದು. ಜೀನಿನ ಹಾಲಿ ವಿಳಾಸ ಕೇಶರಬಾಯಿಯೇ ಆದ್ದರಿಂದ ಆಕೆಯೇ ಸಹಿ ಮಾಡಿ ಪಡೆದಳು. ಜೀನು ತಾಯಿಯ ಕಡೆಯಿಂದ ಬಂದದ್ದೆಂದು ಔರಾದಿನ ತವರುಮನೆಯ ಬಾಗಿಲಿಗೂ ಒಂದು ಪ್ರತಿ ಅಂಟಿಸಲಾಯಿತು. ಉತ್ತರ ಬರಲಿಲ್ಲ. ಮೂರು ನೆನಪೋಲೆ ಹೋದವು. ಗಡ್ಡೆ ಮಾತ್ರ ಯಾವುದಕ್ಕೂ ಕಾಯದೆ ಬೆಳೆಯುತ್ತಿತ್ತು. ಪ್ರತಿ ಸೋಮವಾರ ಬಸ್ಸು ಹಿಡಿದು ಬಂದು ಬೆಂಚಿನ ಮೇಲೆ ಕೂರುತ್ತಿದ್ದ ಕೇಶರಬಾಯಿಗೆ ಸಾಯುವ ಭಯವಾಗಿತ್ತು. ಭಯಕ್ಕೆ ಅರ್ಜಿಯಲ್ಲಿ ಕಾಲಂ ಇರಲಿಲ್ಲ.

ಕೊನೆಗೆ ಶಿಕ್ಷೆ ತೀರ್ಮಾನವಾಯಿತು. ಕೆಲಸಗಳ್ಳರಿಗೆ ನಮ್ಮಲ್ಲಿರುವ ಶಿಕ್ಷೆ ಒಂದೇ, ವರ್ಗಾವಣೆ. ಎಲ್ಲಿಗೆ ಎಂದು ಚರ್ಚೆ ನಡೆದಿರುವಾಗಲೇ ಆಯೆಶಾ ಇನ್ನೊಂದು ವರದಿ ತಂದರು. ಕೇಶರಬಾಯಿಯ ಮಗಳು ಮಹಾಮಾಯಾಳಲ್ಲೂ ಅದೇ ಜೀನು ಸಿಕ್ಕಿತ್ತು.

ಶಿವರಾಜಪ್ಪನವರ ಕಣ್ಣು ತುಂಬಿ ಬಂತು. “ಆರ್ಡರ್ ಹೊರಡೂ ಮೊದಲೇ ಹಾಜರಾಗ್ಯಾನ ನೋಡ್ರಿ! ಇಂಥಾ ಶಿಸ್ತು ನಮ್ಮ ಇಲಾಖೆದಾಗ ಯಾರಿಗದ?”

“ಅದು ಎಲ್ಲೂ ಹೋಗಿಲ್ರಿ,” ಆಯೆಶಾ ಸಿಟ್ಟಾದರು. “ತಾಯಿ ಮೈಯಾಗೂ ಅದ, ಮಗಳ ಮೈಯಾಗೂ ಅದ.”

“ಒಬ್ಬ ನೌಕರ ಎರಡು ಕಡಿ ಹ್ಯಾಂಗ ಹಾಜರಿ ಹಾಕ್ತಾನ್ರಿ?”

ತಾಯಿಯಲ್ಲಿ ಹುದ್ದೆ ಖಾಲಿಯಾಗಿದ್ದು, ಬದಲಿ ಜೀನು ಬರುವವರೆಗೆ ಕಾಯತಕ್ಕದ್ದೆಂದು ಹಿಂಬರಹ ಕೊಡಲಾಯಿತು. ಕೇಶರಬಾಯಿ ಅದನ್ನು ಮಡಚಿ ಚೀಲದಲ್ಲಿಟ್ಟು, ಹೊಸದೊಂದು ಅರ್ಜಿ ಮೇಜಿನ ಮೇಲಿಟ್ಟಳು.

“ನಂದು ಇರ್ಲಿರಿ ಸಾಹೇಬ್ರ. ಮಗಳ ನೋಟಿಸ್ ಇವತ್ತೇ ಚಾಲೂ ಮಾಡ್ರಿ. ಅಕಿಗಿನ್ನಾ ಇಪ್ಪತ್ತೆರಡ್ರಿ. ವಿಚಾರಣಿ ಮುಗಿಯೂತನಕ ಬದುಕಿರ್ತಾಳ.”