ಗುಂಡಿ ಒತ್ತಿದರೆ ಓಡಬೇಕು

ನಂಜಪ್ಪನವರ ಪಲ್ಪರ್ ಹೌಸಿನ ಜನರೇಟರು ಬೆಳಿಗ್ಗೆ ಏಳೂವರೆಗೆ ಒಂದೇ ಒಂದು ಸಲ 'ಟಕ್' ಅಂತ ಗಂಟಲು ಸರಿ ಮಾಡಿಕೊಂಡು ಸುಮ್ಮನಾಯಿತು. ಬ್ಯಾಟರಿ ಮತ್ತೆ ಖಾಲಿ. ಅವರ ಅಪ್ಪನ ಕಾಲದ ಯಂತ್ರ ಅದು, ಶೆಡ್ಡಿನ ಮೂಲೆಯಲ್ಲಿ ಮುದಿ ಎಮ್ಮೆ ಮಲಗಿದ ಹಾಗೆ ಇತ್ತು. ನಾಳೆವರೆಗೆ ಕರೆಂಟಿಲ್ಲ ಅಂತ ಲೈನ್‌ಮ್ಯಾನ್ ಹೇಳಿ ಹೋಗಿದ್ದ. ಇವತ್ತು ಕೊಯ್ದ ಕಾಫಿ ಹಣ್ಣು ಇವತ್ತೇ ಸಿಪ್ಪೆ ಬಿಡಿಸುವ ಪಲ್ಪರಿಗೆ ಹೋಗದಿದ್ದರೆ ಹುಳಿ ನಾತ ಹೊಡೆಯುತ್ತದೆ.

ಫೋನು ಹೋದದ್ದು ಲೋಹಿತನಿಗೆ. ಬೈಕಿನ ಹಿಂದೆ ಟೂಲ್ ಬಾಕ್ಸ್ ಕಟ್ಟಿಕೊಂಡು ಬಂದ. ಸೋಮವಾರಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ಅವನಿಗೊಂದು ತಗಡಿನ ರಿಪೇರಿ ಅಂಗಡಿ ಇತ್ತು. ಹೋದ ತಿಂಗಳು ರಸ್ತೆ ಅಗಲ ಮಾಡುವವರು ಅದನ್ನು ಚಪಾತಿ ಮಡಚಿದ ಹಾಗೆ ಮಡಚಿ ಲಾರಿಗೆ ಹಾಕಿದರು. ಆವತ್ತು ಏರಿದ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಹ್ಯಾಂಡಲ್ ತಿರುಗಿಸಿ ಇಂಜಿನ್ ಎಬ್ಬಿಸ್ತಿದ್ದ ಚಿನ್ನನಿಗೆ ಭುಜ ಹೋಯ್ತು ಕಣಯ್ಯ," ಅಂದರು ನಂಜಪ್ಪ. "ಈಗ ಮೆಕ್ಯಾನಿಕ್ ಜಾಗ ಖಾಲಿ ಇದೆ. ಸಾಯಂಕಾಲ ಹಣ್ಣಿನ ತೂಕ ಮುಗಿಯೋದ್ರೊಳಗೆ ಗುಂಡಿ ಒತ್ತಿದ್ರೆ ಇಂಜಿನ್ ಓಡ್ಬೇಕು. ಓಡಿದ್ರೆ ಆ ಕೆಲಸ ನಿಂದೆ. ಆಳುಗಳ ಲೈನಲ್ಲಿ ಮನೇನೂ ಉಂಟು."

ಲೋಹಿತ ಮನಸ್ಸಿನಲ್ಲೇ ಎಣಿಸಿಕೊಂಡ: ಖಾಯಂ ಕೆಲಸ, ಮೇಲೊಂದು ಮನೆ, ಜೆಸಿಬಿ ಬರದ ಜಾಗ.

"ಸರ್ಟಿಫಿಕೇಟ್ ಉಂಟೇನಪ್ಪ?" ಅಂತ ಕೇಳಿದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೀರ್ತಿಕುಮಾರ್. ಆ ಜಾಗಕ್ಕೆ ತನ್ನ ಭಾವಮೈದುನನನ್ನು ತರಬೇಕು ಅಂತ ಅವನಿಗಿತ್ತು. "ನಮ್ಮ ಹುಡುಗ ಐಟಿಐ ಮಾಡಿದಾನೆ."

"ಇಂಜಿನ್ನಿಗೆ ಓದೋಕೆ ಬರಲ್ಲ ರೈಟ್ರೆ," ಅಂದ ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದ ಲೋಹಿತ.

ಶೆಡ್ಡಿನ ಬಾಗಿಲಲ್ಲಿ ಡಬ್ಬ ಬೋರಲು ಹಾಕಿ ಕೂತು ಎಲೆ ಅಡಿಕೆ ಅಗಿಯುತ್ತಿದ್ದ ಚಿನ್ನಜ್ಜ ಮೆಲ್ಲಗೆ ಹೇಳಿದ: "ಮಗ, ನನ್ನ ಮಾತು ಕೇಳು. ಅದರ ಕಾಯಿಲೆ ಹುಡುಕೋಕೆ ಹೋಗ್ಬೇಡ. ಹ್ಯಾಂಡಲ್ ಹಾಕಿ ತಿರುಗ್ಸು, ಅನ್ನ ತಿನ್ನು."

"ಅಜ್ಜ, ಗೊತ್ತಿಲ್ಲದೋರು ಸುಮ್ನೆ ಕೂತ್ಕೊಂಡ್ರೆ ದೊಡ್ಡ ಉಪಕಾರ."

ಚಿನ್ನಜ್ಜ ಎಲೆ ಅಡಿಕೆ ಚೀಲದ ಬಾಯಿ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡ.

ಲೋಹಿತ ನಂಜಪ್ಪನವರ ಜೀಪಿನ ಬ್ಯಾಟರಿ ಬಿಚ್ಚಿ ತಂದು, ವೈರು ಕೊಟ್ಟು, ಇಂಜಿನ್ ಓಡಿಸಿದ. ಮೀಟರ್ ಇಟ್ಟು ನೋಡಿದರೆ ಹನ್ನೆರಡು ವೋಲ್ಟ್. ಚಾರ್ಜ್ ಆಗುತ್ತಿದ್ದರೆ ಹದಿನಾಲ್ಕಕ್ಕೆ ಏರಬೇಕು. ಅದು ಹನ್ನೆರಡರಲ್ಲೇ ಅಂಟಿಕೊಂಡಿತ್ತು. ಇಂಜಿನ್ ಓಡುತ್ತಿದೆ, ಆಲ್ಟರ್ನೇಟರ್ ಅದರ ಜೊತೆ ತಿರುಗುತ್ತಿದೆ, ಆದರೆ ಬ್ಯಾಟರಿಗೆ ಚೂರೂ ಕೊಡುತ್ತಿಲ್ಲ.

"ಬೆಲ್ಟು ಲೂಸು," ಅಂತ ತೀರ್ಪು ಕೊಟ್ಟ ಕೀರ್ತಿಕುಮಾರ್, ಇಂಜಿನ್ ನಿಲ್ಲಿಸಿದ್ದೇ ತಡ ಸ್ಪ್ಯಾನರ್ ಕಸಿದುಕೊಂಡು ಬಿಗಿದ. ಬಿಗಿದ ಬಿಗಿತಕ್ಕೆ ಹಳೇ ಬೆಲ್ಟು ಎರಡು ತುಂಡಾಗಿ ಒಂದು ತುಂಡು ಅವನ ಕಿವಿಗೇ ಬಾರಿಸಿತು. ಲೋಹಿತ ಹಲ್ಲು ಕಚ್ಚಿಕೊಂಡು ಹೋಗಿ ಜೀಪಿನ ಬೆಲ್ಟನ್ನೂ ಬಿಚ್ಚಿ ತಂದ.

ಅಷ್ಟರಲ್ಲಿ ನಂಜಪ್ಪನವರ ಹೆಂಡತಿ ವಿಮಲಮ್ಮ ಒಂದು ಚೊಂಬು ನೀರು ತಂದು ಬ್ಯಾಟರಿಗೆ ಹೊಯ್ಯುವುದರಲ್ಲಿದ್ದರು. "ಫಿಲ್ಟರ್ ನೀರೇ ಕಣಪ್ಪ. ಎರಡು ಸಲ ಕಾಯಿಸಿದೀನಿ, ಜೀರಿಗೆ ಹಾಕಿ."

"ಅಮ್ಮ, ಅದು ಬ್ಯಾಟರಿ. ಬಾಣಂತಿ ಅಲ್ಲ."

ಹಣ್ಣು ಕುಯ್ಯುವ ಚೋಮಿ ಊಟದ ಹೊತ್ತಿಗೆ ಬಂದು ನೋಡಿ, ಯಾರದೋ ಕಣ್ಣು ಬಿದ್ದಿದೆ ಅಂತ ಇಂಜಿನ್ನಿಗೆ ಮೆಣಸಿನಕಾಯಿ ನೀವಾಳಿಸಿ ಶೆಡ್ಡಿನ ಪಕ್ಕದ ಒಲೆಗೆ ಹಾಕಿದಳು. ಶೆಡ್ಡಿನಲ್ಲಿದ್ದವರೆಲ್ಲ ಹತ್ತು ನಿಮಿಷ ಕೆಮ್ಮಿದರು. ಕೆಮ್ಮದೇ ಇದ್ದದ್ದು ಇಂಜಿನ್ ಒಂದೇ.

ಕೀರ್ತಿಕುಮಾರ್ ಇನ್ನೂ ಸೋತಿರಲಿಲ್ಲ. ಹ್ಯಾಂಡಲ್ ತಾನೇ ತಿರುಗಿಸಿ ತೋರಿಸುತ್ತೇನೆ ಅಂತ ತೋಳು ಮಡಚಿದ.

"ರೈಟ್ರೆ, ಹೆಬ್ಬೆರಳು ಸುತ್ತಿ ಹಿಡೀಬೇಡಿ, ಅದು ವಾಪಸ್ ಹೊಡೆಯುತ್ತೆ," ಅಂದ ಚಿನ್ನಜ್ಜ.

ಹೆಬ್ಬೆರಳು ಉಳಿಯಿತು. ಹ್ಯಾಂಡಲ್ ತಿರುಗಿ ಹೊಡೆದ ಏಟಿಗೆ ಉಳಿದ ರೈಟರ್ ಹಾರಿ ಬೆಳಗಿನ ಕೊಯ್ಲಿನ ಹಣ್ಣಿನ ರಾಶಿಗೆ ಬಿದ್ದ. ಎದ್ದು ನಿಂತಾಗ ಯಾರೋ ಕುಂಕುಮಾರ್ಚನೆ ಮಾಡಿಸಿದ ಹಾಗಿದ್ದ.

ಆಗಲೇ ನಂಜಪ್ಪನವರು ಪೇಟೆಗೆ ಹೊರಟು ಬಂದರು. "ಜೀಪು ಯಾಕೆ ಸ್ಟಾರ್ಟ್ ಆಗ್ತಿಲ್ಲ?"

"ಜೀಪು ಜೀಪಿನ ಜಾಗದಲ್ಲೇ ಇದೆ ಸಾವ್ಕಾರ್ರೆ," ಅಂದ ಲೋಹಿತ. "ಒಳಗಿದ್ದಿದ್ದು ಸ್ವಲ್ಪ ಇಲ್ಲಿಗೆ ಬಂದಿದೆ."

ನಂಜಪ್ಪ ಗಡಿಯಾರ ನೋಡಿದರು, ಲೋಹಿತನನ್ನು ನೋಡಿದರು, ಜೀಪಿನ ಬೀಗದ ಕೈ ಜೇಬಿಗೆ ಹಾಕಿ ಮನೆಗೆ ವಾಪಸ್ ಹೋದರು. ಬೈದಿದ್ದರೆ ವಾಸಿಯಿತ್ತು.

ನಾಲ್ಕೂವರೆಗೆ ಪಿಕ್ಕಿಂಗ್ ಮುಗಿಸಿದ ಹೆಂಗಸರು ಚೀಲ ಹೊತ್ತು ತೂಕಕ್ಕೆ ಸಾಲು ನಿಂತರು. ಒಂದೊಂದು ಚೀಲ ತಕ್ಕಡಿಯಿಂದ ಇಳಿದಾಗಲೂ ಲೋಹಿತನಿಗೆ ಲೈನಿನ ಮನೆಯ ಒಂದೊಂದು ಹೆಂಚು ಜಾರಿದ ಹಾಗಾಗುತ್ತಿತ್ತು. ಸಿಟ್ಟು ನುಂಗಿಕೊಂಡು ಮೊದಲಿನಿಂದ ಶುರು ಮಾಡಿದ. ಆಲ್ಟರ್ನೇಟರಿನಿಂದ ಹೊರಟ ಒಂದು ಸಣ್ಣ ವೈರನ್ನು ಬೆರಳಲ್ಲೇ ಹಿಂಬಾಲಿಸಿದ. ಅದು ಇಂಜಿನ್ ಸುತ್ತಿ, ಪ್ಯಾನೆಲಿನ ಹಿಂದೆ ಹೋಗಿ, ಒಂದು ಬಲ್ಬಿನ ಹೋಲ್ಡರಿಗೆ ಸೇರಿತ್ತು. ಹೋಲ್ಡರಿನಲ್ಲಿ ಜೇಡ ಇತ್ತು, ಬಲ್ಬು ಇರಲಿಲ್ಲ.

"ಒಂದು ಬಲ್ಬಿಗೆ ಇಷ್ಟೆಲ್ಲವಾ?" ಅಂದಳು ಚೋಮಿ.

"ಈ ಬಲ್ಬಿನ ಮೂಲಕ ಹೋಗೋ ಚೂರು ಕರೆಂಟೇ ಅಕ್ಕ, ಆಲ್ಟರ್ನೇಟರನ್ನ ಎಬ್ಬಿಸೋದು. ಬೆಳಿಗ್ಗೆ ಕಾಫಿ ಕುಡೀದೆ ನೀವು ಸೊಂಟಕ್ಕೆ ಕುಕ್ಕೆ ಕಟ್ತೀರಾ? ಹಾಗೆ."

ಬೈಕಿನ ಹಿಂದಿನ ಇಂಡಿಕೇಟರ್ ಬಿಚ್ಚಿ ಅದರ ಬಲ್ಬಿಗೆ ಎರಡು ವೈರು ಸುತ್ತಿ ಅಲ್ಲಿ ಕಟ್ಟಿದ. ಜೀಪಿನ ಬ್ಯಾಟರಿಯಿಂದ ಇಂಜಿನ್ ಓಡಿಸಿದ. ಬಲ್ಬು ಒಮ್ಮೆ ಹೊತ್ತಿ ಆರಿತು. ಮೀಟರ್ ಹನ್ನೆರಡು ಬಿಟ್ಟು ಹದಿಮೂರು ದಾಟಿ ಹದಿನಾಲ್ಕಕ್ಕೆ ಹೋಗಿ ನಿಂತಿತು. ಲೋಹಿತ ಕೆಳಗೆ ಕೂತುಬಿಟ್ಟ. ಕಣ್ಣಲ್ಲಿ ನೀರು ಬಂದಿತ್ತು. ಮೆಣಸಿನಕಾಯಿ ಹೊಗೆ ಅಂದುಕೊಳ್ಳಲಿ ಅಂತ ಒರೆಸಿಕೊಳ್ಳಲಿಲ್ಲ.

ಮುಕ್ಕಾಲು ಗಂಟೆ ಓಡಿಸಿ, ನಿಲ್ಲಿಸಿ, ಜೀಪಿನ ಬ್ಯಾಟರಿ ದೂರ ಇಟ್ಟ. ಕೊನೆಯ ಚೀಲ ಇನ್ನೂ ತಕ್ಕಡಿಯ ಮೇಲಿತ್ತು. ನಂಜಪ್ಪ ಹೆಂಡತಿಯನ್ನು ಕರೆದು, "ಒತ್ತು ವಿಮಲ," ಅಂದರು. ವಿಮಲಮ್ಮ ಕಣ್ಣು ಮುಚ್ಚಿಕೊಂಡು ಕಿರುಬೆರಳಲ್ಲಿ ಗುಂಡಿ ಒತ್ತಿದರು. ಇಂಜಿನ್ ಡುಗುಡುಗು ಅಂತ ಎದ್ದಿತು. ಪಲ್ಪರಿಗೆ ಹಣ್ಣು ಬಿತ್ತು.

ನಂಜಪ್ಪ ಲೋಹಿತನ ಬೆನ್ನು ತಟ್ಟಿದರು. "ಕೈ ಅಂದ್ರೆ ಇದು. ಇನ್ನು ಯಾವಾಗ ಕೆಡುತ್ತೆ?"

"ಇನ್ನು ಹತ್ತು ವರ್ಷ ಇದರ ಮುಖ ನೋಡೋದು ಬೇಡ ಸಾವ್ಕಾರ್ರೆ," ಅಂದ ಲೋಹಿತ ಹೆಮ್ಮೆಯಿಂದ. "ನಾಳೆ ಎಷ್ಟೊತ್ತಿಗೆ ಬರ್ಲಿ?"

"ಎಲ್ಲಿಗೆ?"

"ಕೆಲಸಕ್ಕೆ. ಮೆಕ್ಯಾನಿಕ್ ಕೆಲಸ."

ನಂಜಪ್ಪ ನಿಜವಾಗಿಯೂ ಯೋಚಿಸಿದರು. ಮನುಷ್ಯ ಕೆಟ್ಟವರಲ್ಲ. "ಆ ಕೆಲಸ ಅಂದ್ರೆ ಹ್ಯಾಂಡಲ್ ತಿರುಗಿಸೋದು ತಾನೇ? ಈಗ ಇವಳ ಕಿರುಬೆರಳು ಸಾಕಲ್ಲ. ನಾನು ಕೊಡಲ್ಲ ಅಂತಿಲ್ಲ ಕಣಯ್ಯ. ಕೆಲಸ ಎಲ್ಲಿದೆ ಹೇಳು, ಕೊಡ್ತೀನಿ."

ಇವತ್ತಿನ ಕೂಲಿ ಜೇಬಿಗೆ ತುರುಕಿ, ವಿಮಲಮ್ಮನ ಕೈಯಿಂದ ಒಂದು ಲೋಟ ಕಾಫಿಯನ್ನೂ ಕೊಡಿಸಿದರು. ರೈಟರ್ ಮೊದಲು ನಗಲು ಹೊರಟ. ಭಾವಮೈದುನನ ಜಾಗವೂ ಹೋಯಿತು ಅಂತ ಹೊಳೆದು ಅರ್ಧಕ್ಕೇ ನಿಲ್ಲಿಸಿದ.

ಜೀಪಿನ ಬ್ಯಾಟರಿಯನ್ನೂ ಬೆಲ್ಟಿನ ಬದಲು ಹೊಸದು ತರುವ ಮಾತನ್ನೂ ಕೊಟ್ಟು ಲೋಹಿತ ಬೈಕು ತಳ್ಳಿಕೊಂಡು ಗೇಟಿಗೆ ಬಂದ. ಚಿನ್ನಜ್ಜ ಅಲ್ಲಿ ಕಾಯುತ್ತಿದ್ದ. ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿ ಸುಣ್ಣದ ಡಬ್ಬಿ ಸರಿಸಿ, ಬಟ್ಟೆಯಲ್ಲಿ ಸುತ್ತಿದ ಏನನ್ನೋ ತೆಗೆದು ಅವನ ಅಂಗೈಯಲ್ಲಿಟ್ಟ. ಪುಟ್ಟ ಕೆಂಪು ಬಲ್ಬು.

"ಆ ಪ್ಯಾನೆಲಿಂದು. ಮೂವತ್ತು ವರ್ಷ ಇದೇ ಚೀಲದಲ್ಲಿತ್ತು," ಅಂದ. "ನೀನು ಕೇಳಿಸ್ಕೊಂಡಿದ್ರೆ ನಿನ್ನ ಚೀಲದಲ್ಲಿರ್ತಿತ್ತು. ಹೋಗ್ಲಿ, ನಿನ್ನ ಬೈಕಿಗಾದ್ರೂ ಹಾಕ್ಕೊ."

ಲೋಹಿತನಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತಲೇ ಗೊತ್ತಾಗಲಿಲ್ಲ. ಬಲ್ಬನ್ನು ಇಂಡಿಕೇಟರಿಗೆ ಹಾಕಿದ. ಚಿಕ್ಕದು, ಹೋಲ್ಡರಿನಲ್ಲಿ ನಿಲ್ಲದೆ ಒಳಗೆ ಬಿತ್ತು. ಸೋಮವಾರಪೇಟೆ ತನಕ ಪ್ರತಿ ತಿರುವಿನಲ್ಲೂ ಲೋಹಿತ ಕೈ ಚಾಚಿದ, ಬಲ್ಬು ಹಿಂದಿನಿಂದ ಗಲಗಲ ಅಂದಿತು.