ಹಿಂದುಮುಖದ ಎರಡು ಸೀಟು

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಊರಿನವರ ಅಟ್ಟದ ಮೇಲೆ ಏನೇನಿದೆ ಎಂದು ನನ್ನನ್ನು ಕೇಳಿದರೆ ಗಡಗಡ ಹೇಳಬಲ್ಲೆ. ನಮ್ಮ ಮನೆಯ ಉಪ್ಪಿನ ಡಬ್ಬಿ ಎಲ್ಲಿದೆ ಎಂದರೆ ಹೆಂಡತಿಯ ಮುಖ ನೋಡುತ್ತೇನೆ. ಪಕ್ಕದ ಮನೆಯವರ ಹಸು ಯಾವಾಗ ಕರು ಹಾಕುತ್ತದೆಂಬುದು ಗೊತ್ತು, ನನ್ನ ಕನ್ನಡಕ ಹಣೆಯ ಮೇಲಿದೆ ಎಂಬುದು ಗೊತ್ತಿಲ್ಲ. ಈ ಗುಣ ಇಷ್ಟು ವರ್ಷ ನನಗೇನೂ ತೊಂದರೆ ಕೊಟ್ಟಿರಲಿಲ್ಲ. ತೊಂದರೆಯೆಲ್ಲ ಹೆಂಡತಿಗೇ ಆಗುತ್ತಿತ್ತು. ಆದರೆ ಹೋದ ವರ್ಷ ನಮ್ಮ ಕಾರಿನ ವಿಷಯದಲ್ಲಿ ನನ್ನ ಮರ್ಯಾದೆಗೇ ಬಂತು.

ಹನಗೋಡಿನ ನಮ್ಮ ಮನೆಯ ಮುಂದೆ ಒಂದು ಸ್ಟೇಷನ್ ವ್ಯಾಗನ್ ಇದೆ. ಡಿಕ್ಕಿ ಇರಬೇಕಾದ ಕಡೆಗೂ ಮಾಡು ಚಾಚಿಕೊಂಡು, ಹಿಂಬದಿಗೊಂದು ಬಾಗಿಲಿಟ್ಟುಕೊಂಡ ಉದ್ದನೆಯ ಕಾರು. ಊರಿನವರು ಪೆಟ್ಟಿಗೆ ಕಾರು ಎನ್ನುತ್ತಾರೆ. ಕೊಡಗಿನ ಕಾಫಿ ತೋಟದ ಸಾಹುಕಾರರೊಬ್ಬರು ಪರದೇಶದಿಂದ ತರಿಸಿ, ಓಡಿಸಿ ಬೇಸರವಾದ ಮೇಲೆ ನಮ್ಮ ತಾತನಿಗೆ ಮಾರಿದ್ದು. ತಾತ ಅದರಲ್ಲಿ ನೆಂಟರಿಗಿಂತ ಹೆಚ್ಚಾಗಿ ಹೊಗೆಸೊಪ್ಪನ್ನೇ ಸಾಗಿಸಿದ್ದರಿಂದ ಈಗಲೂ ಬಾಗಿಲು ತೆಗೆದರೆ ಒಂದು ಘಾಟು ಬರುತ್ತದೆ. ಅತ್ತರಿಗಿಂತ ಮೇಲು ಎಂದು ನಾನು; ಸೀನು ನಿಲ್ಲುವುದಿಲ್ಲ ಎಂದು ಹೆಂಡತಿ.

ಹಳೆಯ ಕಾರಿನ ಹುಚ್ಚರದ್ದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ನನ್ನನ್ನು ಎಲ್ಲರೂ ಗುರುಗಳೇ ಎನ್ನುತ್ತಾರೆ. ಇಂಥ ಕಾರುಗಳಿಗೆ ಕಾರ್ಖಾನೆಯಲ್ಲೇ, ಕೇಳಿದವರಿಗೆ ಮಾತ್ರ ಕೂರಿಸಿಕೊಡುತ್ತಿದ್ದ ಅಪರೂಪದ ಸಲಕರಣೆಗಳ ವಿಷಯದಲ್ಲಿ ನನ್ನ ಮಾತೇ ಅಲ್ಲಿ ಕೊನೆಯದು. ಹಿಂದಿನ ಗಾಜಿಗೆ ದೂಳು ಕೂರದಂತೆ ಗಾಳಿಯನ್ನು ಕೆಳಕ್ಕೆ ತಿರುಗಿಸುವ ರೆಕ್ಕೆ. ಕೆಳಕ್ಕೂ ಇಳಿಯುವ, ಪಕ್ಕಕ್ಕೂ ತೆರೆಯುವ ಒಂದೇ ಬಾಗಿಲು. ಫ್ರಿಜ್ಜನ್ನು ನಿಲ್ಲಿಸಿಕೊಂಡೇ ಒಯ್ಯಲೆಂದು ಹಿಂಭಾಗದಲ್ಲಿ ಸರಿಯುವ ಮಾಡು. ಒಮ್ಮೆ ಈ ಮಾಡಿನ ಬಗ್ಗೆ ಊಟದ ಹೊತ್ತಿನಲ್ಲಿ ವರ್ಣಿಸುತ್ತಿದ್ದೆ. ಹೆಂಡತಿ ಸಾರು ಬಡಿಸುತ್ತ, "ಆ ಮಾಡು ಸರಿಯದು ಇರ್ಲಿ ಕಣ್ರೀ, ನಮ್ದ್ರಲ್ಲಿ ಕಿಟಕಿ ಗಾಜು ಯಾವತ್ತು ಇಳಿದದೆ?" ಎಂದಳು. ವಿದ್ವಾಂಸರಿಗೆ ಮನೆಯಲ್ಲಿ ಬೆಲೆ ಇಲ್ಲ.

ಹೀಗಿರುವಾಗ ಕಾರಿನ ನೋಂದಣಿ ನವೀಕರಣಕ್ಕೆಂದು ಹುಣಸೂರಿಗೆ ಹೋದೆ. ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರು ಮರ್ಯಾದಸ್ಥರು. ಬ್ರೇಕು, ದೀಪ, ಹಾರನ್ನು ಎಲ್ಲ ನೋಡಿ ತಲೆದೂಗಿದರು. ಆಮೇಲೆ ಆರ್‌ಸಿ ಪುಸ್ತಕ ನೋಡಿ, ಕಾರಿನೊಳಗೆ ಬಗ್ಗಿ, ಮತ್ತೆ ಪುಸ್ತಕ ನೋಡಿದರು.

"ಸಾರ್, ಇದ್ರಲ್ಲಿ ಎಂಟು ಸೀಟು ಅಂತ ಇದೆ. ಮುಂದೆ ಮೂರು, ಹಿಂದೆ ಮೂರು. ಇನ್ನೆರಡು ಎಲ್ಲಿ?"

ನಾನೂ ಎಣಿಸಿದೆ. ಆರೇ ಇತ್ತು. ಇನ್ನೊಂದು ಸಲ ಎಣಿಸಿದೆ.

"ತಾವು ಏನ್ ಕೆಲಸ ಮಾಡೋದು?"

"ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು."

ಅವರು ನಗಲಿಲ್ಲ. ಆ ಒಂದು ಉಪಕಾರವನ್ನು ನಾನು ಮರೆಯುವವನಲ್ಲ. ಇಷ್ಟು ವರ್ಷ ಯಾರೂ ಎಣಿಸದೆ ಬಿಟ್ಟಿರಬಹುದು, ಪುಸ್ತಕಕ್ಕೂ ಗಾಡಿಗೂ ತಾಳೆಯಾಗದೆ ತಾನು ಸಹಿ ಹಾಕುವಂತಿಲ್ಲ, ಹದಿನೈದು ದಿನದಲ್ಲಿ ಸೀಟು ತೋರಿಸಿ ಎಂದರು. ತೋರಿಸದಿದ್ದರೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ರಸ್ತೆಗಿಳಿಯದ ಗಾಡಿಗೆ ಗುಜರಿಯೇ ಗತಿ. ನಮ್ಮ ಬೀದಿಯ ಗುಜರಿಯವನು ಈಗಾಗಲೇ ದಿನಾ ಅದರ ಬಾನೆಟ್ಟನ್ನು ತಟ್ಟಿ, ತಗಡು ಎಷ್ಟು ದಪ್ಪವಿದೆ ಎಂದು ನೋಡಿಕೊಂಡು ಹೋಗುತ್ತಿದ್ದ.

ವಾಟ್ಸಾಪಿನಲ್ಲಿ ಕೇಳೋಣವೆಂದರೆ ಗುರುಗಳ ಮಾನದ ಪ್ರಶ್ನೆ. ಕೊನೆಗೆ ಕೆ.ಆರ್. ನಗರದ ಕಡೆಗೆ ಕೊಟ್ಟಿದ್ದ ನಮ್ಮ ಸೋದರತ್ತೆಗೆ ಫೋನ್ ಮಾಡಿದೆ. ತಾತನ ಕಾಲದ ಸಂಗತಿ ತಿಳಿದವರು ಉಳಿದಿರುವುದು ಅವಳೊಬ್ಬಳೇ. ಹೆಸರು ಸಣ್ಣಮ್ಮ. ಆದರೆ ನಮ್ಮ ವಂಶದಲ್ಲೆಲ್ಲ ಅವಳು ವಾಪಸ್ ಸಣ್ಣಮ್ಮ. ಯಾಕೆ ಆ ಹೆಸರು ಎಂದು ನಾನು ಕೇಳಿರಲೇ ಇಲ್ಲ. ಹೆಣ್ಣು ನೋಡಲು, ಜಮೀನು ನೋಡಲು, ಯಾವ ಕೆಲಸಕ್ಕೆ ಹೊರಟರೂ ಅತ್ತೆಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು; ಅವಳು ಬಾಗಿಲಲ್ಲಿ ನಿಂತಿರುತ್ತಿದ್ದಳು.

ಅತ್ತೆ ಮಾರನೆಯ ದಿನವೇ ಬಸ್ಸಿನಲ್ಲಿ ಬಂದಳು. ಕಾಫಿಯನ್ನೂ ಕುಡಿಯದೆ ಕಾರಿನ ಹಿಂಬಾಗಿಲು ತೆಗೆಸಿ, ನೆಲಕ್ಕೆ ಹಾಸಿದ್ದ ಬೀಟೆ ಹಲಗೆಯನ್ನು ಕೋಲಿನಿಂದ ಕುಟ್ಟಿದಳು.

"ಇದ್ರ ಕೆಳೀಕೆ ಅವೆ ಕಣ್ಲಾ ಎರಡು ಸೀಟು. ಎತ್ತಿದ್ರೆ ಇಂದಕ್ಕೆ ಮಕ ಮಾಡ್ಕಂಡು ಕೂರವು."

"ಇದನ್ನ್ಯಾಕತ್ತೆ ಮುಚ್ಚಿದ್ರು?"

"ನನ್ನಿಂದಾನೆ."

ಅತ್ತೆಗಾಗ ಹತ್ತು ವರ್ಷ. ಕಾರು ಬಂದ ಹೊಸತು. ಹೊಗೆಸೊಪ್ಪನ್ನು ಮಧ್ಯದ ಸೀಟಿನಲ್ಲಿ ತುಂಬಿಕೊಂಡು ತಾತ ಹುಣಸೂರಿಗೆ ಹೊರಟಾಗ, ಹಟ ಮಾಡಿ ಆ ಹಿಂದಿನ ಸೀಟಿನಲ್ಲಿ ಕೂತಿದ್ದಳಂತೆ. ದಾರಿಯುದ್ದಕ್ಕೂ ಹಿಂದೆ ಸರಿಯುವ ಮರಗಳಿಗೆ ಟಾಟಾ ಮಾಡಿಕೊಂಡು ಹೋದಳು. ವ್ಯಾಪಾರಿ ಸೊಪ್ಪನ್ನು ಮುಟ್ಟಿ ನೋಡಿ ಬೇಡವೆಂದ. ಅಷ್ಟೂ ಸೊಪ್ಪು ಮನೆಗೆ ವಾಪಸ್ಸು ಬಂತು. ಹುಡುಗಿ ಮನೆ ಕಡೆಗೆ ಮುಖ ಮಾಡಿಕೊಂಡು ಹೋಗಿದ್ದಕ್ಕೇ ಸರಕು ಮನೆಗೆ ಬಂತೆಂದು ತಾತ ತೀರ್ಮಾನಿಸಿ, ಆ ಸಂಜೆಯೇ ಬಡಗಿಯನ್ನು ಕರೆಸಿ ಸೀಟಿನ ಮೇಲೆ ಹಲಗೆ ಬಡಿಸಿದರು. ಹಲಗೆಯ ಜೊತೆಗೆ ಅತ್ತೆಗೆ ಆ ಹೆಸರನ್ನೂ ಬಡಿದರು.

"ಸೊಪ್ಪು ಯಾಕೆ ವಾಪಸ್ ಬಂತು ಅಂತ ನಂಗೆ ಗೊತ್ತಿತ್ತು ಕಣ್ಲಾ. ಸೊಪ್ಪು ಒಣಗ್ಸೋ ಬ್ಯಾರನ್ನಲ್ಲಿ ಒಲೆ ನೋಡ್ಕಳಕ್ಕೆ ಕೂತಿದ್ದ ನಮ್ಮಪ್ಪ ಗೊರಕೆ ಒಡೀತಿದ್ದ. ಸೊಪ್ಪು ಸೀದೋಗಿತ್ತು. ಅಪ್ಪನ್ ಮುಂದೆ ಏಳಕಾದದಾ?"

ಹಲಗೆ ಎಬ್ಬಿಸಿದೆವು. ಕೆಳಗೆ ಕೆಂಪು ರೆಕ್ಸಿನ್ನಿನ ಎರಡು ಪುಟ್ಟ ಸೀಟು, ನಿನ್ನೆ ಕಾರ್ಖಾನೆಯಿಂದ ಬಂದಂತೆ ಮಲಗಿದ್ದವು. ಇಂಥದ್ದರ ಬಗ್ಗೆ ಗುಂಪಿನಲ್ಲಿ ನಾನು ಮೂರು ಲೇಖನ ಬರೆದಿದ್ದೆ, ಇವುಗಳ ಮೇಲೆಯೇ ಸೌತೆಕಾಯಿ ಮೂಟೆ ಹೇರಿಕೊಂಡು ಇಪ್ಪತ್ತು ವರ್ಷ ಓಡಾಡಿದ್ದೆ.

ಅತ್ತೆ ಸೆರಗು ಸಿಕ್ಕಿಸಿಕೊಂಡಳು. "ನಾಳೆ ಆಪೀಸ್ಗೆ ಓಗುವಾಗ ನಾನು ಇದ್ರಲ್ಲೇ ಕೂರೋದು."

ಇಲ್ಲಿ ನನ್ನ ನಿಜಬಣ್ಣ ಹೇಳಲೇಬೇಕು. ಮೂವತ್ತು ವರ್ಷ ಮಕ್ಕಳಿಗೆ ಕಾರಣ ಬರೆಯಿರಿ ಎಂದು ಬೆತ್ತ ಹಿಡಿದು ಹೇಳಿದವನು ನಾನು. "ಹೋಗುವಾಗ ಯಾಕತ್ತೆ, ಕೆಲಸ ಆದ್ಮೇಲೆ ಬರುವಾಗ ಆರಾಮಾಗಿ ಕೂತ್ಕೊಳ್ಳುವಂತೆ," ಎಂದುಬಿಟ್ಟೆ.

ಅತ್ತೆ ಹೋಗಿ ಬಾಗಿಲಲ್ಲಿ ನಿಂತಳು. ಆ ನಿಲುವು ನನಗೆ ಚೆನ್ನಾಗಿ ಪರಿಚಯವಿತ್ತು. ಹೆಂಡತಿ ನನ್ನನ್ನು ನೋಡಿದ ನೋಟವಂತೂ ಬೇಡ. "ಅತ್ತೆಮ್ಮ, ಇನ್ನೊಂದು ಸೀಟು ನಂದು," ಎಂದಳು.

ಬೆಳಿಗ್ಗೆ ಹೊರಟೆವು. ನಾನು ಮುಂದೆ ಒಬ್ಬನೇ, ಬಾಡಿಗೆ ಡ್ರೈವರಿನಂತೆ. ಹೆಂಗಸರಿಬ್ಬರೂ ಊರಿನ ಕಡೆಗೆ ಮುಖ ಮಾಡಿಕೊಂಡು, ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನಿಗೆ ಕೈಬೀಸುತ್ತ. ನಾನು ದಾರಿಯುದ್ದಕ್ಕೂ ಒಳಗೊಳಗೇ ದೇವರನ್ನು ನೆನೆದೆ. ಗಣಿತದ ಮೇಷ್ಟ್ರಾದ್ದರಿಂದ ಬಾಯಿ ಬಿಟ್ಟು ನೆನೆಯಲಿಲ್ಲ.

ಇನ್ಸ್‌ಪೆಕ್ಟರು ಹಿಂಬಾಗಿಲು ತೆಗೆದಾಗ ಸೀಟಿನಲ್ಲಿ ಅತ್ತೆಯೇ ಕೂತಿದ್ದಳು. "ಎಣಿಸ್ಕಳಪ್ಪ," ಎಂದಳು. ಅವರು ಎಣಿಸಿದರು. ಆಮೇಲೆ, "ಅಮ್ಮ, ಒಂದ್ನಿಮಿಷ," ಎಂದು ಅವಳನ್ನು ಇಳಿಸಿ ತಾವೇ ಕೂತು, ಮಂಡಿ ಮಡಚಿಕೊಂಡು ರಸ್ತೆ ನೋಡಿದರು. ಇಳಿಯಲು ಮನಸ್ಸಿರಲಿಲ್ಲ. ಸಹಿ ಬಿತ್ತು.

"ಕೆಲ್ಸ ವಾಪಸ್ ಬಂತೇನ್ಲಾ?" ಎಂದು ಅತ್ತೆ ಕೇಳಿದಳು. ನಾನು ಕಾರು ಸ್ಟಾರ್ಟ್ ಮಾಡಿದೆ.

ಊರ ಹಾದಿಯಲ್ಲಿ ಅರ್ಧ ದೂರ ಬಂದಿರಬಹುದು. ಹಿಂದಿನಿಂದ ಅತ್ತೆ ಕೂಗಿದಳು. "ಲೋ, ನಿಲ್ಸ್ಲಾ! ಅದೇನೋ ತಟ್ಟೆ ಬಿದ್ದೋಯ್ತು, ಉರುಳ್ಕಂಡು ಓಯ್ತಾ ಅದೆ!"

ಚಕ್ರದ ಮುಚ್ಚಳ. ನಾಲ್ಕರಲ್ಲಿ ಮೂರು ಈ ಮೊದಲೇ ಎಲ್ಲಿ ಹೋದವೆಂದು ತಿಳಿಯದೆ ಹೋಗಿದ್ದವು. ಮಕ್ಕಳು ಕದ್ದರೆಂದು ನಾನು ಬೀದಿಯ ಮಕ್ಕಳನ್ನೆಲ್ಲ ಬೈದಿದ್ದೆ. ಹಿಂದೆ ನೋಡುವವರು ಒಬ್ಬರಿದ್ದಿದ್ದರೆ ಮೂರೂ ಉಳಿಯುತ್ತಿದ್ದವು. ಇಳಿದು ರಸ್ತೆಯಲ್ಲಿ ಹಿಂದಕ್ಕೆ ನಡೆದು, ಬೇಲಿಯ ಬುಡದಲ್ಲಿ ಬಿದ್ದಿದ್ದ ಅದನ್ನು ಎತ್ತಿಕೊಂಡು ತಿರುಗಿದೆ. ದೂರದಲ್ಲಿ ಕಾರಿನ ಹಿಂದಿನ ಗಾಜಿನಲ್ಲಿ ಎರಡು ಮುಖ ನಗುತ್ತಿದ್ದವು. ಅತ್ತೆ ಗಾಜಿನ ಹಿಂದಿನಿಂದಲೇ ಎರಡೂ ಕೈ ಆಡಿಸಿ ನನ್ನನ್ನು ಕರೆಯುತ್ತಿದ್ದಳು, ವಾಪಸ್ ಬಾ ಎಂದು. ಮುಚ್ಚಳವನ್ನು ಕಂಕುಳಲ್ಲಿ ಇಟ್ಟುಕೊಂಡು, ಮೂವತ್ತು ವರ್ಷ ಪಾಠ ಹೇಳಿದ ಗಣಿತದ ಮೇಷ್ಟ್ರು, ಓಡಿದೆ.